ಶಿರಾ ಗೇಟ್‌ನ ಬೋರ್ಡಿಲ್ಲದ ಶೆಡ್: ನಮ್ಮ ವ್ಯಾಗನ್ ಆರ್ ಇಂಜಿನ್‌ನ ಮಿಸ್ಸಿಂಗ್ ಹಿಡಿದ ಎಲೆಕ್ಟ್ರಿಷಿಯನ್

ಮೊದಲೇ ಹೇಳಿಬಿಡುತ್ತೇನೆ, ಈ ಶೆಡ್‌ಗೆ ಬೋರ್ಡ್ ಇಲ್ಲ. ಹಿಂದೆ ಇತ್ತಂತೆ. ಗಾಳಿಗೆ ಬಿದ್ದ ಮೇಲೆ ಅದನ್ನೇ ಮಲಗಿಸಿ ಬ್ಯಾಟರಿ ಇಡುವ ಹಲಗೆ ಮಾಡಿಕೊಂಡಿದ್ದಾರೆ. ತುಮಕೂರಿನ ಶಿರಾ ಗೇಟ್ ದಾಟಿ ಅಂತರಸನಹಳ್ಳಿ ಕಡೆ ಹೋಗುವಾಗ ಟೈರ್ ಅಂಗಡಿಯವರು, ಲಾರಿ ಬಾಡಿ ಕಟ್ಟುವವರು, ರೇಡಿಯೇಟರ್ ಬೆಸುಗೆಯವರು ಎಲ್ಲ ಸಾಲಾಗಿ ಸಿಗುತ್ತಾರಲ್ಲ, ಅಲ್ಲೇ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಶೆಡ್. ಅಷ್ಟೇ ಗುರುತು. ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡ ಅಂತ ಯಜಮಾನರೇ ಹೇಳಿದ್ದಾರೆ. ಈಗಲೇ ಬರೋರಿಗೆ ನಿಲ್ಲಿಸೋಕೆ ಜಾಗ ಇಲ್ಲವಂತೆ.

ಕೆಲಸಕ್ಕೆ 5ಕ್ಕೆ 5 ಕೊಡುತ್ತೇನೆ. ಕಾಯಿಸೋದಕ್ಕೆ 5ಕ್ಕೆ 2. ಬೈಗುಳಕ್ಕೆ ನೀವೇ ಹಾಕಿಕೊಳ್ಳಿ.

ನಮ್ಮದು 2013ರ ವ್ಯಾಗನ್ ಆರ್, ಪೆಟ್ರೋಲ್, ಕೆ10 ಇಂಜಿನ್, 998 ಸಿಸಿ, ಮೂರು ಸಿಲಿಂಡರ್. ಓಡಿರೋದು 86 ಸಾವಿರ ಕಿಲೋಮೀಟರ್ ಚಿಲ್ಲರೆ. ಇಷ್ಟು ವರ್ಷದಲ್ಲಿ ಬ್ಯಾಟರಿ, ಟೈರ್, ಒಂದು ಕ್ಲಚ್ ಬಿಟ್ಟರೆ ದೊಡ್ಡ ಖರ್ಚು ಕೊಟ್ಟ ಗಾಡಿ ಅಲ್ಲ. ಕಳೆದ ಆಷಾಢದಲ್ಲಿ ಒಂದು ಶನಿವಾರ ಅಮ್ಮನನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ಕ್ಯಾತ್ಸಂದ್ರದಿಂದ ಹೊರಟಾಗ ಏನೂ ಇಲ್ಲ, ಗಾಡಿ ಬೆಣ್ಣೆ ಹಾಗೆ ಓಡುತ್ತಿತ್ತು. ಭೋಗನರಸಿಂಹನ ಗುಡಿಯಲ್ಲಿ ಕೈ ಮುಗಿದು ಮೇಲಿನ ಯೋಗನರಸಿಂಹನ ಕಡೆ ಎರಡನೇ ಗೇರ್‌ನಲ್ಲಿ ಹತ್ತಿಸಿದೆ ನೋಡಿ, ಮೊದಲ ತಿರುವಿನಲ್ಲೇ ಗಾಡಿ ಬಿಕ್ಕಳಿಸೋಕೆ ಶುರು ಮಾಡಿತು. ಬಿಕ್ಕಳಿಕೆ ಅಂದರೆ ಬಿಕ್ಕಳಿಕೆಯೇ, ಬೇರೆ ಪದ ಗೊತ್ತಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಎಳೆಯೋದಿಲ್ಲ, ಸ್ಟೇರಿಂಗ್ ನಡುಗುತ್ತೆ, ಮೀಟರ್‌ನಲ್ಲಿ ಹಳದಿ ಇಂಜಿನ್ ಲೈಟ್ ಪಕಪಕ ಅಂತ ಮಿನುಗುತ್ತೆ. ಮೂರರಲ್ಲಿ ಒಂದು ಸಿಲಿಂಡರ್ ಸುಮ್ಮನಾದರೆ ಇಂಜಿನ್‌ನ ಮೂರನೇ ಒಂದು ಪಾಲು ಬಲ ಹೋಯಿತಲ್ಲ, ನಾಲ್ಕು ಸಿಲಿಂಡರ್ ಗಾಡಿಗಿಂತ ಇದರಲ್ಲಿ ಒದ್ದಾಟ ಜಾಸ್ತಿ ಗೊತ್ತಾಗುತ್ತೆ. ಅಮ್ಮ "ನರಸಿಂಹ, ನರಸಿಂಹ" ಅಂತ ಬಾಗಿಲ ಹಿಡಿ ಹಿಡಿದುಕೊಂಡರು. ಹೇಗೋ ಮೊದಲ ಗೇರ್‌ನಲ್ಲಿ ತೆವಳಿಸಿಕೊಂಡು ಮೇಲೆ ಸೇರಿಸಿದೆ. ಇಳಿಯುವಾಗ ಮತ್ತೆ ಬೆಣ್ಣೆ.

ಇಲ್ಲಿ ಒಂದು ಮಾತು. ಆ ಲೈಟ್ ಸುಮ್ಮನೆ ಉರಿಯೋದು ಬೇರೆ, ಮಿನುಗೋದು ಬೇರೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಮಿನುಗುತ್ತಿದ್ದರೆ ಆ ಹೊತ್ತಿಗೇ ಜೋರಾಗಿ ಮಿಸ್‌ಫೈರ್ (ಸಿಲಿಂಡರ್ ಒಳಗೆ ಪೆಟ್ರೋಲ್ ಉರಿಯದೇ ಹೋಗೋದು) ಆಗುತ್ತಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಹಾಗೇ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತೆ, ಅದು ವಿಪರೀತ ಕಾದು ಹಾಳಾಗುತ್ತೆ. ಅದರ ಬೆಲೆ ಕೇಳಿದರೆ ಪ್ಲಗ್‌ಗೆ ಕಿಡಿ ಹಾರಿಸುವ ಕಾಯಿಲ್‌ನ ಬೆಲೆ ಕಡಲೆಪುರಿ ಅನ್ನಿಸುತ್ತೆ. ಮಿನುಗಿದರೆ ಕಾಲು ತೆಗೆಯಿರಿ, ಪಕ್ಕಕ್ಕೆ ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ, ಎರಡು ವಾರ ಹಾಗೇ ಓಡಿಸಿದೆ. ಕನ್ವರ್ಟರ್ ಉಳಿದಿದ್ದು ಅಮ್ಮ ಕರೆದ ನರಸಿಂಹನ ದಯೆ.

ಸೋಮವಾರ ಊರಿನ ಒಂದು ದೊಡ್ಡ ಗ್ಯಾರೇಜ್‌ಗೆ ಬಿಟ್ಟೆ. ಹೆಸರು ಬೇಡ. ಟೈಲ್ಸ್ ಹಾಕಿದ ನೆಲ, ಎಸಿ ಇರುವ ಕಾಯುವ ಕೋಣೆ, ಕಾಫಿ ಮೆಷಿನ್, ಎಲ್ಲ ಇದೆ. ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಚುಚ್ಚಿದರು, ಅರ್ಧ ನಿಮಿಷದಲ್ಲಿ ಪಿ0302 ಅಂತ ಬಂತು. ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. 0301 ಬಂದರೆ ಒಂದನೆಯದು, 0303 ಬಂದರೆ ಮೂರನೆಯದು, 0300 ಬಂದರೆ ಯಾವುದು ಅಂತ ಖಚಿತ ಇಲ್ಲ ಅಂತ. "ಕಾಯಿಲ್ ಹೋಗಿದೆ ಸರ್, ಒಂದು ಹೋದರೆ ಉಳಿದಿದ್ದೂ ಹೋಗುತ್ತೆ, ಮೂರೂ ಹಾಕಿಬಿಡೋಣ, ಜೊತೆಗೆ ಪ್ಲಗ್" ಅಂದರು. ಬಿಲ್ 9,400. ನಾಲ್ಕು ದಿನ ಊರೊಳಗೆ ಓಡಿಸಿದೆ, ಏನೂ ತೊಂದರೆ ಇಲ್ಲ. ಐದನೇ ದಿನ ಗುಬ್ಬಿಯಿಂದ ನಾಲ್ಕು ಮೂಟೆ ಹುಣಸೆಹಣ್ಣು ತುಂಬಿಕೊಂಡು ಬರುವಾಗ ಫ್ಲೈಓವರ್ ಏರುವಲ್ಲಿ ಮತ್ತೆ ಬಿಕ್ಕಳಿಕೆ. ಅದೇ 0302.

ಎರಡನೇ ಸಲ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನ ಕ್ಲೀನಿಂಗ್ ಅಂದರು, 1,800. ಮೂರನೇ ಸಲ ಯಾರೋ ಹಿರಿಯ ಅಡ್ವೈಸರ್ ಬಂದು, ಮುಖ ಸಣ್ಣದು ಮಾಡಿಕೊಂಡು, ಇಸಿಎಂ ಅಂದರೆ ಗಾಡಿ ಕಂಪ್ಯೂಟರ್ರೇ ಹೋಗಿರಬಹುದು, 22 ಸಾವಿರ ಆಗುತ್ತೆ, ಯೋಚನೆ ಮಾಡಿ ಅಂದರು. "ಹೋಗಿರಬಹುದು" ಅನ್ನೋ ಮಾತಿಗೆ 22 ಸಾವಿರ. ಗಾಡಿ ತಗೊಂಡು ಮನೆಗೆ ಬಂದೆ.

ನ್ಯಾಯವಾಗಿ ಹೇಳಬೇಕು ಅಂದರೆ ಅವರ ಮೊದಲ ಊಹೆ ಪೆದ್ದು ಊಹೆ ಅಲ್ಲ. ಕೆ10 ಇಂಜಿನ್‌ನಲ್ಲಿ ಪ್ರತಿ ಪ್ಲಗ್ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತೆ, ಹಳೇ ಗಾಡಿಗಳ ಹಾಗೆ ಉದ್ದುದ್ದ ಪ್ಲಗ್ ವೈರ್ ಇಲ್ಲ. ಇಂಜಿನ್ ಬಿಸಿಗೆ ಬೆಂದು ಬೆಂದು ಕಾಯಿಲ್ ಸಾಯೋದು ಮಾಮೂಲು. ಮತ್ತೆ ದಿಬ್ಬದಲ್ಲಿ ಮಾತ್ರ ಮಿಸ್ ಆಗೋದೂ ಕಾಯಿಲ್ ಕಾಯಿಲೆಯ ಲಕ್ಷಣವೇ. ಭಾರ ಎಳೆಯುವಾಗ ಸಿಲಿಂಡರ್ ಒಳಗೆ ಗಾಳಿ-ಪೆಟ್ರೋಲ್ ಜಾಸ್ತಿ ತುಂಬಿ ಒತ್ತಡ ಏರುತ್ತೆ, ಆ ಒತ್ತಡದಲ್ಲಿ ಪ್ಲಗ್‌ನ ತುದಿಯಲ್ಲಿರುವ ಒಂದು ಮಿಲಿಮೀಟರ್ ಸಂದಿಯನ್ನು ಕಿಡಿ ದಾಟಬೇಕಾದರೆ ವೋಲ್ಟೇಜ್ ಜಾಸ್ತಿ ಬೇಕು. ಬಡಕಲು ಕಾಯಿಲ್ ಅಲ್ಲೇ ಸೋಲುತ್ತೆ. ಹಾಗಾಗಿ ಕಾಯಿಲ್ ಮೇಲೆ ಅನುಮಾನ ಸರಿ. ಆದರೆ ಅನುಮಾನ ಬಂದ ತಕ್ಷಣ ಬಿಲ್ ಹಾಕೋದಾ? ಎರಡನೇ ಕಾಯಿಲ್ ತೆಗೆದು ಮೂರನೆಯದರ ಜಾಗಕ್ಕೆ ಹಾಕಿ ನೋಡಲಿಕ್ಕೆ ಐದು ನಿಮಿಷ, ಒಂದು 10 ನಂಬರ್ ಸ್ಪ್ಯಾನರ್ ಸಾಕು. ಕೋಡ್ ಕಾಯಿಲ್ ಹಿಂದೆ ಹೋದರೆ ಕಾಯಿಲ್ ಕಳ್ಳ. ಹೋಗದಿದ್ದರೆ ಕಾಯಿಲ್ ಪಾಪ. ಈ ಐದು ನಿಮಿಷ ಅವರು ಮಾಡಲಿಲ್ಲ. ನನ್ನ ಸಿಟ್ಟು ಅಷ್ಟಕ್ಕೇ.

ನಮ್ಮ ಭಾವ ಮಂಡಿಪೇಟೆಯಲ್ಲಿ ಗೂಡ್ಸ್ ಆಟೋ ಇಟ್ಟಿದ್ದಾರೆ. ಅವರೇ ಈ ಶೆಡ್ ಹೇಳಿದ್ದು. "ಬಾಯಿ ಸರಿ ಇಲ್ಲ, ಕೈ ಸರಿ ಇದೆ" ಅಂದರು. ಅಷ್ಟು ಸಾಕಿತ್ತು.

ಬೆಳಗ್ಗೆ ತಟ್ಟೆ ಇಡ್ಲಿ ತಿಂದು ಬಿ.ಎಚ್. ರಸ್ತೆ ಟ್ರಾಫಿಕ್ ದಾಟಿ 9ಕ್ಕೆ ಹೋದೆ. ನನಗಿಂತ ಮುಂಚೆ ಒಂದು ಟಾಟಾ ಏಸ್, ಒಂದು ಟ್ರ್ಯಾಕ್ಟರ್ ಡೈನಮೋ, ಒಂದು ಹಳೇ ಅಂಬಾಸಿಡರ್ ಕಾಯುತ್ತಿದ್ದವು. ಯಜಮಾನರಿಗೆ ಅರವತ್ತರ ಮೇಲಾಗಿದೆ. ಖಾಕಿ ಅಂಗಿ, ಕಿವಿ ಮೇಲೆ ಪೆನ್ಸಿಲ್ ಹಾಗೆ ಸಿಕ್ಕಿಸಿದ ಟೆಸ್ಟರ್. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ, ಪಾಯಿಂಟ್‌ಗೆ ಉಪ್ಪುಕಾಗದ ಉಜ್ಜಿ, ಕಂಡೆನ್ಸರ್ ಬದಲಿಸಿ, ಕಿವಿಯಲ್ಲೇ ಟೈಮಿಂಗ್ ಕೂರಿಸಿ ಬೆಳೆದವರು. ಅವರಿಗೆ ಎಲ್ಲವೂ "ಕರೆಂಟು". ಸಿಗ್ನಲ್ಲೂ ಕರೆಂಟೇ, ವೋಲ್ಟೇಜೂ ಕರೆಂಟೇ. ಕಂಪ್ಯೂಟರ್ ಕೆಲಸಕ್ಕೆ ಒಬ್ಬ ಹುಡುಗ ಇದ್ದಾನೆ, ಐಟಿಐ ಮುಗಿಸಿದವನು, ಸ್ಕ್ಯಾನರ್ ಅವನ ಕೈಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಕೆಲಸ ಮಾಡುತ್ತಾರೆ, ನೋಡೋಕೆ ಮಜಾ.

ನನ್ನ ಸರದಿ ಬಂದಾಗ 11 ಗಂಟೆ. ಬಾನೆಟ್ ಎತ್ತಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಪ್ರಶ್ನೆ ಶುರು ಮಾಡಿದರು. ತಣ್ಣಗಿದ್ದಾಗ ಆಗುತ್ತಾ, ಬಿಸಿಯಾದ ಮೇಲಾ? ಮಳೆಯಲ್ಲಿ? ವಾಶ್ ಮಾಡಿಸಿದ ಮೇಲೆ? ನಿಂತಲ್ಲೇ ಆಗುತ್ತಾ, ಎಳೆಯುವಾಗಾ? ಎಷ್ಟನೇ ಗೇರ್? ಒಬ್ಬನೇ ಇದ್ದಾಗಲೂ ಆಗುತ್ತಾ, ಲೋಡ್ ಇದ್ದಾಗಾ? ಇದಕ್ಕೆ ಮುಂಚೆ ಯಾರಾದರೂ ವೈರ್ ಮುಟ್ಟಿದ್ದರಾ? ಕೊನೆಯದಕ್ಕೆ ನಾನು "ಇಲ್ಲ, ಯಾರೂ ಮುಟ್ಟಿಲ್ಲ" ಅಂದೆ. ಈ ಉತ್ತರ ನೆನಪಿಟ್ಟುಕೊಳ್ಳಿ.

ಹುಡುಗ ಸ್ಕ್ಯಾನರ್ ಹಾಕಿದ. ಅದೇ 0302. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ, ಫ್ರೀಜ್ ಫ್ರೇಮ್ ಅಂತ ಒಂದು ಪುಟ ತೆಗೆದ. ತಪ್ಪು ದಾಖಲಾದ ಗಳಿಗೆಯಲ್ಲಿ ಗಾಡಿ ಏನು ಮಾಡುತ್ತಿತ್ತು ಅನ್ನೋದನ್ನು ಕಂಪ್ಯೂಟರ್ ಫೋಟೋ ತೆಗೆದ ಹಾಗೆ ಇಟ್ಟುಕೊಂಡಿರುತ್ತೆ. ಸ್ಪೀಡ್ 24, ಲೋಡ್ ಜಾಸ್ತಿ, ಇಂಜಿನ್ ಪೂರ್ತಿ ಬಿಸಿ. "ಎರಡನೇ ಗೇರಲ್ಲಿ ದಿಬ್ಬ ಹತ್ತೋವಾಗ, ಅಣ್ಣ ಹೇಳಿದ್ದು ಸರಿ ಇದೆ" ಅಂದ. ಮೂರು ಸಲ ಹೋದ ಗ್ಯಾರೇಜ್‌ನಲ್ಲಿ ಈ ಪುಟವನ್ನು ಯಾರೂ ನೋಡಿರಲಿಲ್ಲ.

ಇಂಜಿನ್ ತಣ್ಣಗಾಗೋವರೆಗೆ ಮುಟ್ಟೋಲ್ಲ ಅಂದರು. ಬಿಸಿ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು, ಆಮೇಲೆ ಅದು ಇನ್ನೊಂದು ಕಥೆ. ಒಂದು ಗಂಟೆ ಬೇವಿನ ಮರದ ಕೆಳಗೆ ಕೂತೆ. ಕುರ್ಚಿ ಇಲ್ಲ, ಲಾರಿ ಟೈರ್ ಇದೆ. ಹೆದ್ದಾರಿ ಧೂಳಿಗೆ ಬಿಳಿ ಅಂಗಿ ಮಧ್ಯಾಹ್ನದೊಳಗೆ ರಾಗಿ ಹಿಟ್ಟಿನ ಬಣ್ಣಕ್ಕೆ ಬಂದಿತ್ತು.

ಆಮೇಲೆ ಶುರುವಾಯಿತು. ಮೊದಲು ಎರಡನೇ ಕಾಯಿಲ್ ಮೂರಕ್ಕೆ, ಮೂರರದು ಎರಡಕ್ಕೆ. ಪ್ಲಗ್ ಹೊರಗೆ ತೆಗೆದು ಅಂಗೈಯಲ್ಲಿ ಸಾಲಾಗಿ ಇಟ್ಟು ತೋರಿಸಿದರು. ಒಂದು, ಮೂರನೆಯದರ ತುದಿ ಬಿಸ್ಕತ್ ಬಣ್ಣ, ಒಣಗಿವೆ. ಎರಡನೆಯದು ಕಪ್ಪಗೆ, ಒದ್ದೆ, ಮೂಗಿನ ಹತ್ತಿರ ತಂದರೆ ಪೆಟ್ರೋಲ್ ವಾಸನೆ. "ನೋಡು, ಪೆಟ್ರೋಲ್ ಬರ್ತಾ ಇದೆ, ಕಿಡಿ ಬರ್ತಾ ಇಲ್ಲ. ಇಂಜೆಕ್ಟರ್ ಕ್ಲೀನ್ ಮಾಡಿದೋನು ಇದನ್ನ ಮೂಸಿ ನೋಡಿದ್ರೆ ನಿನ್ನ 1,800 ಉಳೀತಿತ್ತು" ಅಂದರು. ಪ್ಲಗ್‌ಗಳನ್ನೂ ಅದಲು ಬದಲು ಮಾಡಿ, ಕೋಡ್ ಅಳಿಸಿ, ಹುಡುಗನನ್ನು ಕೂರಿಸಿ ಶಿರಾ ರಸ್ತೆಯಲ್ಲಿ ಒಂದು ಸುತ್ತು ಕಳಿಸಿದರು. ಅವನು ಬೇಕಂತಲೇ ಫ್ಲೈಓವರ್ ಏರಿನಲ್ಲಿ ದೊಡ್ಡ ಗೇರ್ ಹಾಕಿ ಎಳೆಸಿಕೊಂಡು ಬಂದ. ಮತ್ತೆ 0302. ಕಾಯಿಲ್ ಮೂರಕ್ಕೆ ಹೋಗಿದೆ, ಪ್ಲಗ್ ಹೋಗಿದೆ, ತಪ್ಪು ಮಾತ್ರ ಎರಡರಲ್ಲೇ ಕೂತಿದೆ. ಅಂದರೆ ನಾನು 9,400 ಕೊಟ್ಟು ಬದಲಾಯಿಸಿದ ಸಾಮಾನಿಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲ. ಹೊಟ್ಟೆ ಉರಿಯಿತು.

ನಾನು ಜಾಣತನ ತೋರಿಸೋಕೆ ಹೋಗಿ, ಹಳೇ ಕಾಲದ ಹಾಗೆ ಕಾಯಿಲ್ ಕಿತ್ತು ಬ್ಲಾಕ್‌ಗೆ ಹತ್ತಿರ ಹಿಡಿದು ಕಿಡಿ ನೋಡಬಹುದಲ್ವಾ ಅಂದೆ. ಚೆನ್ನಾಗಿ ಬೈದರು. ಪಾಯಿಂಟ್ ಕಾಲದಲ್ಲಿ ಅದು ನಡೆಯುತ್ತಿತ್ತು, ಜುಮ್ ಅಂತ ಹೊಡೆಸಿಕೊಂಡು ನಗುತ್ತಿದ್ದೆವು, ಈಗಿನ ಕಾಯಿಲ್ ಹತ್ತಾರು ಸಾವಿರ ವೋಲ್ಟ್ ಹುಟ್ಟಿಸುತ್ತೆ, ಅದಕ್ಕೆ ದಾರಿ ಸಿಗದಿದ್ದರೆ ಕಾಯಿಲ್ ಒಳಗೇ ಸುಟ್ಟುಕೊಳ್ಳುತ್ತೆ, ಕಂಪ್ಯೂಟರ್‌ಗೂ ಏಟು ಬೀಳಬಹುದು, ನಿನ್ನ ಕೈಗಂತೂ ಬೀಳುತ್ತೆ ಅಂತ. ಯಾವ ಸಿಲಿಂಡರ್ ಕೆಲಸ ಮಾಡುತ್ತಿದೆ ಅಂತ ನೋಡೋಕೂ ಅವರು ಕಾಯಿಲ್ ಕನೆಕ್ಟರ್ ಕೀಳೋದಿಲ್ಲ, ಇಂಜೆಕ್ಟರ್ ಕನೆಕ್ಟರ್ ಕೀಳುತ್ತಾರೆ. ಪೆಟ್ರೋಲೇ ಬರದಿದ್ದರೆ ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗೋ ಮಾತೇ ಇಲ್ಲವಲ್ಲ. ಒಂದನೆಯದು ಕಿತ್ತಾಗ ಇಂಜಿನ್ ಕುಂಟಿತು. ಮೂರನೆಯದು ಕಿತ್ತಾಗಲೂ ಕುಂಟಿತು. ಎರಡನೆಯದು ಕಿತ್ತಾಗಲೂ ಕುಂಟಿತು! ಅಂದರೆ ನಿಂತಲ್ಲಿ ಎರಡನೇ ಸಿಲಿಂಡರ್ ಚೆನ್ನಾಗೇ ಇದೆ. ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ಹೋಗಿದ್ದರೆ ನಿಂತಲ್ಲೂ ಕುಂಟಬೇಕಿತ್ತು ಅಂತ ಅದನ್ನೂ ಪಟ್ಟಿಯಿಂದ ಹೊಡೆದು ಹಾಕಿದರು.

ಆಮೇಲಿನ ಹತ್ತು ನಿಮಿಷಕ್ಕಾಗಿಯೇ ನಾನು ಇಷ್ಟುದ್ದ ಬರೆಯುತ್ತಿರೋದು.

ಗಾಡಿ ಮುಂದೆ ಯಾರೂ ನಿಲ್ಲಬೇಡಿ ಅಂತ ಎಲ್ಲರನ್ನೂ ಪಕ್ಕಕ್ಕೆ ಕಳಿಸಿದರು. ಹಿಂದಿನ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಹುಡುಗ ಒಳಗೆ ಕೂತು ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕೂ ಒತ್ತಿ ಹಿಡಿದು, ಮೊದಲ ಗೇರ್ ಹಾಕಿ ಕ್ಲಚ್ಚನ್ನು ಒಂದು ಚೂರೇ ಬಿಟ್ಟ. ಗಾಡಿ ನಿಂತೇ ಇದೆ, ಇಂಜಿನ್ ಮಾತ್ರ ದಿಬ್ಬ ಹತ್ತುವ ಹಾಗೆ ಮುಕ್ಕರಿಯುತ್ತಿದೆ. ನಾವು ಪಕ್ಕದಿಂದ ನೋಡುತ್ತಿದ್ದೇವೆ: ಇಡೀ ಇಂಜಿನ್ ಮಲಗಿದ್ದ ಎಮ್ಮೆ ಏಳುವ ಹಾಗೆ ಒಂದು ಕಡೆಗೆ ವಾಲಿತು. ವಾಲಿದ್ದೇ ತಡ, ಡಬ್ ಡಬ್ ಅಂತ ಬಿಕ್ಕಳಿಕೆ ಶುರು, ಮೀಟರ್‌ನಲ್ಲಿ ಲೈಟ್ ಪಕಪಕ. ಕ್ಲಚ್ ಒತ್ತಿದ, ಇಂಜಿನ್ ವಾಪಸ್ ಕೂತಿತು, ಬಿಕ್ಕಳಿಕೆ ನಿಂತಿತು. ಮತ್ತೆ ಬಿಟ್ಟ, ಮತ್ತೆ ಬಂತು. ದೇವರಾಯನದುರ್ಗದ ತಿರುವನ್ನು ಶಿರಾ ಗೇಟ್‌ನ ಶೆಡ್‌ಗೆ ತಂದು ನಿಲ್ಲಿಸಿದ್ದರು. (ಇದನ್ನು ನೀವು ಮನೆಯಲ್ಲಿ ಮಾಡೋಕೆ ಹೋಗಬೇಡಿ. ಕ್ಲಚ್ ಸುಡುತ್ತೆ, ಕಾಲು ಜಾರಿದರೆ ಗಾಡಿ ನೆಗೆಯುತ್ತೆ. ಅವರೂ ಎರಡು ಮೂರು ಸೆಕೆಂಡ್ ಮಾತ್ರ ಮಾಡಿದರು.)

"ಇಂಜಿನ್ ವಾಲಿದಾಗ ಏನೋ ಎಳೀತಾ ಇದೆ" ಅಂದವರೇ ಇಂಜಿನ್ ಆಫ್ ಮಾಡಿಸಿ, ಬಾಡಿಯಿಂದ ಇಂಜಿನ್ ಕಡೆಗೆ ವೈರ್‌ಗಳ ಕಟ್ಟು ದಾಟುವ ಜಾಗಕ್ಕೆ ಕೈ ಹಾಕಿದರು. ಸುರುಳಿ ಕೊಳವೆ ಬಿಡಿಸಿದರು. ಒಳಗೆ ಒಂದು ಕಡೆ ಕಪ್ಪು ಟೇಪ್ ಸುತ್ತಿದ ಗಂಟು. ಕಂಪನಿ ಟೇಪ್ ಅಲ್ಲ, ಅಂಗಡಿಯ ಹತ್ತು ರೂಪಾಯಿ ಟೇಪ್, ಬಿಸಿಗೆ ಕರಗಿ ಅಂಟು ಅಂಟಾಗಿದೆ. ಉಗುರಲ್ಲಿ ಬಿಡಿಸಿದರು. ಒಳಗೆ ಎರಡು ವೈರ್ ತುದಿ ಸುಮ್ಮನೆ ತಿರುಚಿ ಸೇರಿಸಿದ್ದು, ಬೆಸುಗೆ ಇಲ್ಲ, ಕ್ರಿಂಪ್ ಇಲ್ಲ. ತಾಮ್ರ ಹಸಿರುಗಟ್ಟಿ ಕಿಲುಬು ಹಿಡಿದಿದೆ. ಕೂದಲಂಥ ಎಳೆಗಳಲ್ಲಿ ಬಹಳಷ್ಟು ಮುರಿದಿವೆ, ಎರಡೋ ಮೂರೋ ಉಳಿದು ಒಂದನ್ನೊಂದು ಮುಟ್ಟಿಕೊಂಡಿವೆ ಅಷ್ಟೇ. ಅದು ಎರಡನೇ ಕಾಯಿಲ್‌ಗೆ ಕಂಪ್ಯೂಟರ್‌ನಿಂದ "ಈಗ ಕಿಡಿ ಹಾರಿಸು" ಅಂತ ಹೇಳುವ ವೈರ್. ವೈರ್ ತುಂಡಾಗಿದೆಯಾ ಅಂತ ನೋಡುವ ಮೀಟರನ್ನು ಎರಡೂ ಕಡೆ ಹಿಡಿದರೆ ಪೀಂ ಅನ್ನುತ್ತೆ, ಸರಿಯಾಗೇ ಇದೆ ಅನ್ನಿಸುತ್ತೆ. ಹುಡುಗ ವೈರ್ ಕಟ್ಟನ್ನು ಬೆರಳಲ್ಲಿ ಒಂದು ಇಂಚು ಎಳೆದ, ಪೀಂ ನಿಂತಿತು. ಬಿಟ್ಟ, ಪೀಂ. ಎಳೆದ, ಮೌನ.

ಯಜಮಾನರು ನನ್ನ ಕಡೆ ತಿರುಗಿ "ಯಾರೂ ಮುಟ್ಟಿಲ್ಲ ಅಂದ್ಯಲ್ಲ" ಅಂದರು.

ಆಗ ನೆನಪಾಯಿತು. ಹಿಂದಿನ ವರ್ಷ ಸಂಕ್ರಾಂತಿ ಹೊತ್ತಿಗೆ ನಮ್ಮ ಮನೆಯ ಶೆಡ್‌ನಲ್ಲಿ ಗಾಡಿ ಪಕ್ಕ ಕಡಲೆಕಾಯಿ ಮೂಟೆ ಇಟ್ಟಿದ್ದೆವು. ಇಲಿ ಮೂಟೆ ಮುಗಿಸಿ ಗಾಡಿಯೊಳಗೆ ಸಂಸಾರ ಹೂಡಿತ್ತು, ಒಂದು ದಿನ ಗಾಡಿ ಸ್ಟಾರ್ಟ್ ಆದರೂ ಗಡಗಡ ನಡುಗುತ್ತಿತ್ತು, ಬೀದಿ ಕೊನೆಯಲ್ಲಿ ಮಿಕ್ಸಿ ರಿಪೇರಿ ಮಾಡುವ ಹುಡುಗ ಬಂದು ಇಲಿ ಕಡಿದ ವೈರ್ ಸೇರಿಸಿ 150 ತಗೊಂಡು ಹೋಗಿದ್ದ. ನಾನು ಪೂರ್ತಿ ಮರೆತೇ ಹೋಗಿದ್ದೆ. ಅವನದೂ ತಪ್ಪು ಅನ್ನೋಕಾಗಲ್ಲ, ಅವತ್ತಿಗೆ ಗಾಡಿ ಓಡಿತಲ್ಲ. ಆದರೆ ದೊಡ್ಡ ಗ್ಯಾರೇಜ್‌ನವರನ್ನು ಮೂರು ವಾರ ಬೈದುಕೊಂಡು ತಿರುಗಿದ ನನಗೆ ಅವತ್ತು ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ. ಅವರು ಈ ಪ್ರಶ್ನೆ ಕೇಳಲಿಲ್ಲ, ನಿಜ. ಕೇಳಿದ್ದರೂ ನಾನು ಇದೇ ಸುಳ್ಳು ಹೇಳುತ್ತಿದ್ದೆ, ಅದೂ ನಿಜ.

ಕಥೆಯ ಇನ್ನರ್ಧ ಇಂಜಿನ್ ಮೌಂಟಿಂಗ್, ಅಂದರೆ ಇಂಜಿನ್ನನ್ನು ಬಾಡಿಗೆ ಹಿಡಿದಿಡುವ ರಬ್ಬರ್ ಆಧಾರ. ಇಂಜಿನ್ ಅಷ್ಟು ವಾಲಬಾರದು. ಕೆಳಗೆ ಲೈಟ್ ಬಿಟ್ಟು ನೋಡಿದರೆ ಮೌಂಟಿಂಗ್ ರಬ್ಬರ್ ಹಳೇ ಚಪ್ಪಲಿ ಹಾಗೆ ಸೀಳಿತ್ತು. ರಬ್ಬರ್ ಗಟ್ಟಿ ಇದ್ದಷ್ಟು ದಿನ ಆ ಕಚ್ಚಾ ಗಂಟು ಹೇಗೋ ತಡೆದುಕೊಂಡಿದೆ, ರಬ್ಬರ್ ಹರಿದ ಮೇಲೆ ಪ್ರತಿ ದಿಬ್ಬದಲ್ಲೂ ಇಂಜಿನ್ ವಾಲಿ ಗಂಟನ್ನು ಎಳೆದೂ ಎಳೆದೂ ಎಳೆಗಳು ಒಂದೊಂದಾಗಿ ಮುರಿದಿವೆ. ಅದಕ್ಕೇ ಊರೊಳಗೆ ಏನೂ ಇಲ್ಲ, ಏರಿನಲ್ಲಿ ಮಾತ್ರ ತೊಂದರೆ. ದೊಡ್ಡ ಗ್ಯಾರೇಜ್‌ನ ಟೈಲ್ಸ್ ನೆಲದಲ್ಲಿ ನಿಲ್ಲಿಸಿ ನೋಡಿದರೆ ಯಾವ ಜನ್ಮಕ್ಕೂ ಸಿಗುತ್ತಿರಲಿಲ್ಲ.

ರಿಪೇರಿ ನೋಡೋಕೆ ಚೆನ್ನಾಗಿತ್ತು. ಕೊಳೆತ ಭಾಗವನ್ನು ತಾಮ್ರ ಹೊಳೆಯುವವರೆಗೆ ಎರಡೂ ಕಡೆ ಕತ್ತರಿಸಿದರು, ಒಂದು ಗೇಣಿಗಿಂತ ಜಾಸ್ತಿಯೇ ಹೋಯಿತು. ಅದೇ ದಪ್ಪದ ಹೊಸ ವೈರ್ ತುಂಡು. ವೈರ್ ಬಗ್ಗುವ ಜಾಗದಲ್ಲಿ ಜಾಯಿಂಟ್ ಬರಲೇಬಾರದು ಅಂತ ಎರಡೂ ಜಾಯಿಂಟ್‌ಗಳನ್ನು ದೂರ ದೂರಕ್ಕೆ ತಳ್ಳಿದರು. ಬೆಸುಗೆ ಹಾಕಿದ ಜಾಗ ಕಡ್ಡಿ ಹಾಗೆ ಗಟ್ಟಿಯಾಗುತ್ತೆ, ಅಲ್ಲಿ ಬಗ್ಗಿಸಿದರೆ ಪಕ್ಕದಲ್ಲೇ ಮುರಿಯುತ್ತೆ ಅಂತೆ. ತವರದ ಬೆಸುಗೆ, ಅದರ ಮೇಲೆ ಶಾಖಕ್ಕೆ ಮುದುಡಿಕೊಳ್ಳುವ ಸ್ಲೀವ್, ಮೇಲೆ ಬಟ್ಟೆ ಟೇಪ್, ಹೊಸ ಸುರುಳಿ ಕೊಳವೆ. ಕೊನೆಗೆ ಇಂಜಿನ್ ವಾಲಿದರೂ ಎಳೆಯದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಕ್ಲಿಪ್ ಹಾಕಿದರು. ಅವರು ಬರೀ ಎಲೆಕ್ಟ್ರಿಕಲ್, ಮೌಂಟಿಂಗ್ ಕೆಲಸ ಪಕ್ಕದ ಶೆಡ್‌ನವರಿಗೆ ಕೊಟ್ಟರು.

ದೊಡ್ಡ ಗ್ಯಾರೇಜ್‌ನವರು ನನ್ನ ಹಳೇ ಕಾಯಿಲ್ ಮೂರನ್ನೂ ಕವರ್‌ನಲ್ಲಿ ಹಾಕಿ ಕೊಟ್ಟಿದ್ದರು, ಅದೊಂದು ಒಳ್ಳೇತನ. ಡಿಕ್ಕಿಯಲ್ಲಿತ್ತು. ಯಜಮಾನರು ಅದರಲ್ಲಿ ಒಂದೊಂದನ್ನೇ ಎರಡನೇ ಸಿಲಿಂಡರ್‌ಗೆ ಹಾಕಿ ಏರಿಗೆ ಓಡಿಸಿ ನೋಡಿಸಿದರು. ಮೂರೂ ಗಟ್ಟಿ ಇವೆ. ಒಂದಕ್ಕೂ ಏನೂ ಆಗಿಲ್ಲ. "ಇಟ್ಕೋ, ಮೊಮ್ಮಕ್ಕಳ ಕಾಲಕ್ಕೆ ಆಗುತ್ತೆ" ಅಂದರು.

ಲೆಕ್ಕ ಹೀಗಿದೆ: ವೈರ್, ಸ್ಲೀವ್, ಕೊಳವೆ ಸೇರಿ 90. ಅವರ ಕೂಲಿ 700. ಮೌಂಟಿಂಗ್ ಸಾಮಾನು, ಕೂಲಿ ಸೇರಿ 1,650. ಒಟ್ಟು 2,440. ದೊಡ್ಡ ಗ್ಯಾರೇಜ್‌ಗೆ ಅಷ್ಟರಲ್ಲಿ 11,200 ಕೊಟ್ಟಾಗಿತ್ತು, ಇನ್ನು 22 ಸಾವಿರಕ್ಕೆ ತಯಾರಾಗಬೇಕಿತ್ತು. ನಾನು ಒಂದು ನೂರು ಜಾಸ್ತಿ ಇಟ್ಟೆ, ಹುಡುಗನಿಗೆ ಕೊಡು ಅಂತ ವಾಪಸ್ ತಳ್ಳಿದರು.

ಈಗ ಇದಾಗಿ ಆರು ತಿಂಗಳು. ದೇವರಾಯನದುರ್ಗಕ್ಕೆ ನಾಲ್ಕು ಸಲ ಹೋಗಿದ್ದೇನೆ, ಒಂದು ಸಲ ಐದು ಜನ ಕೂತು. ಬಿಕ್ಕಳಿಕೆ ಇಲ್ಲ. ಅಮ್ಮ ಮಾತ್ರ ಆ ತಿರುವು ಬಂದಾಗ ಈಗಲೂ ಬಾಗಿಲ ಹಿಡಿ ಹಿಡಿದುಕೊಳ್ಳುತ್ತಾರೆ.

ದೂರುಗಳೂ ಇವೆ, ಮುಚ್ಚಿಡೋದಿಲ್ಲ. ಒಂದು ದಿನ ಪೂರ್ತಿ ಹೋಗುತ್ತೆ, ಬೆಳಗ್ಗೆ ಬಿಟ್ಟು ಸಂಜೆ ಬರುತ್ತೇನೆ ಅಂದರೆ ಒಪ್ಪೋದಿಲ್ಲ, ಗಾಡಿಯವನು ಪಕ್ಕದಲ್ಲೇ ಇರಬೇಕು, ಪ್ರಶ್ನೆ ಕೇಳಿದಾಗ ಉತ್ತರ ಹೇಳಬೇಕು. ಜಿಎಸ್‌ಟಿ ಬಿಲ್ ಇಲ್ಲ, ಒಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ, ಹಾಗಾಗಿ ಇನ್ಶೂರೆನ್ಸ್ ಕ್ಲೇಮ್ ಅಥವಾ ಆಫೀಸ್ ಗಾಡಿಗೆ ಇದು ಆಗೋಲ್ಲ. ವಾರಂಟಿಯಲ್ಲಿರುವ ಹೊಸ ಗಾಡಿಯನ್ನು ಮುಟ್ಟೋದೇ ಇಲ್ಲ, "ಶೋರೂಮಿಗೆ ಹೋಗು, ನನ್ನ ತಲೆಗೆ ಕಟ್ಟಬೇಡ" ಅಂತ ಕಳಿಸುತ್ತಾರೆ, ಅದು ಸರಿಯೇ. ಹೆಣ್ಣುಮಕ್ಕಳು ಒಬ್ಬರೇ ಹೋದರೆ ಕೂರೋಕೆ ಜಾಗ ಇಲ್ಲ, ಹತ್ತಿರದಲ್ಲಿ ಶೌಚಾಲಯವೂ ಇಲ್ಲ. ಹುಡುಗ ಇಲ್ಲದ ದಿನ ಸ್ಕ್ಯಾನರ್ ಕೆಲಸ ಇಲ್ಲ. ಮತ್ತೆ ಆ ಬಾಯಿ. ನನ್ನ ಮುಂದೆಯೇ ಒಬ್ಬ ಯಾರೋ ಹೆಡ್‌ಲೈಟ್‌ಗೆ ಕಣ್ಣು ಕುಕ್ಕೋ ಎಲ್‌ಇಡಿ ಹಾಕಿಕೊಡಿ ಅಂತ ಬಂದಿದ್ದ, ಅವನು ಕೇಳಿಸಿಕೊಂಡಿದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಹೋಗುವವರು 9ರೊಳಗೆ ಹೋಗಿ. ಇಂಜಿನ್ ತಣ್ಣಗಿರಬೇಕು ಅಂದರೆ ಊರಿನಿಂದ ದೂರದವರು ಹೇಗೂ ಒಂದು ಗಂಟೆ ಕಾಯಲೇಬೇಕು, ಟವೆಲ್, ನೀರಿನ ಬಾಟಲಿ ಇಟ್ಟುಕೊಳ್ಳಿ. ಹಿಂದೆ ಯಾರು ಏನು ಬಿಚ್ಚಿದರು, ಯಾವಾಗ ಇಲಿ ಬಂತು, ಎಲ್ಲ ಮನೆಯಲ್ಲೇ ನೆನಪು ಮಾಡಿಕೊಂಡು ಹೋಗಿ. ಭಾನುವಾರ ರಜಾ. ಅಮಾವಾಸ್ಯೆ ದಿನ ಪೂಜೆ ಮುಗಿಸಿ, ಸ್ಕ್ಯಾನರ್‌ಗೂ ಕುಂಕುಮ ಇಟ್ಟು, 11ರ ಮೇಲೆ ಕೆಲಸ ಶುರು ಮಾಡುತ್ತಾರೆ.